ಆಪ್ರಿ ಸದಸ್ಯರಾಗಲು ಅರ್ಜಿ ಹಾಕಬೇಕೇ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನ್ಯಾಶ್‌ವಿಲ್‌ನಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ (ಅಮೆರಿಕದ ಹಳ್ಳಿಗಾಡಿನಲ್ಲಿ ಬೆಳೆದ ಗಾಯನ ಶೈಲಿ) ಕಾರ್ಯಕ್ರಮ ನೋಡಿದೆ. ಒಂದೇ ವೇದಿಕೆಯಲ್ಲಿ ಹಾಡಿದವರಲ್ಲಿ ಕೆಲವರನ್ನು ಮಾತ್ರ ‘ಆಪ್ರಿ ಸದಸ್ಯರು’ ಎಂದು ಪರಿಚಯಿಸಿದರು. ನಮ್ಮ ಆಕಾಶವಾಣಿಯ ಹಾಗೆ ಅಲ್ಲೂ ಆಡಿಷನ್ ಇದೆಯೇ? ಅರ್ಜಿ ಹಾಕಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಆಡಿಷನ್ನೂ ಇಲ್ಲ, ಅರ್ಜಿಯೂ ಇಲ್ಲ. ಅವರೇ ಕರೆಯಬೇಕು. ಯಾರನ್ನು ಕರೆಯಬೇಕೆಂಬುದು ಆಪ್ರಿ ನಡೆಸುವವರ ತೀರ್ಮಾನ. ಅಭಿಮಾನಿಗಳ ಮತದಾನವಿಲ್ಲ, ಇಂತಿಷ್ಟು ರೆಕಾರ್ಡ್ ಮಾರಿರಬೇಕೆಂಬ ಲೆಕ್ಕವೂ ಇಲ್ಲ. ಸ್ಟೋನ್‌ವಾಲ್ ಜಾಕ್ಸನ್ 1956ರಲ್ಲಿ ಸೇರಿದಾಗ ಯಾವ ಕಂಪನಿಯೂ ಅವರ ಹಾಡನ್ನು ರೆಕಾರ್ಡ್ ಮಾಡಲು ಒಪ್ಪಂದ ಮಾಡಿಕೊಂಡಿರಲಿಲ್ಲ. ಬಾಯಿಬಿಟ್ಟು ಕೇಳಿ ಪಡೆದವರೂ ಇದ್ದಾರೆ. 1960ರಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಸೀದಾ ಆಪ್ರಿ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದರು, ಅವರು ಒಪ್ಪಿಬಿಟ್ಟರು! ಈಗ ಹಾಗೆಲ್ಲ ನಡೆಯುವುದಿಲ್ಲ ಅನ್ನಿ.

ಅತಿಥಿಯಾಗಿ ಕರೆಸಿಕೊಂಡವರು ಹಾಡಿ ಹೋಗಬಹುದು. ಸದಸ್ಯರು ಹಾಗಲ್ಲ, ಮತ್ತೆ ಮತ್ತೆ ಬರಬೇಕು. ಇದೇಕೆಂದು ತಿಳಿಯಲು ಆಪ್ರಿಯ ಹುಟ್ಟು ನೋಡಬೇಕು. ಅದು ಮೂಲದಲ್ಲಿ ರೇಡಿಯೊ ಕಾರ್ಯಕ್ರಮ. ಒಂದು ವಿಮಾ ಕಂಪನಿಯ ಡಬ್ಲ್ಯುಎಸ್‌ಎಂ ಕೇಂದ್ರದಲ್ಲಿ 1925ರ ನವೆಂಬರ್ 28ರಂದು ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ ಎಪ್ಪತ್ತು ದಾಟಿದ ಅಜ್ಜ ಪಿಟೀಲು ಹಿಡಿದು ಕೂತಲ್ಲಿಂದ ಶುರುವಾಯಿತು. ಪ್ರತಿ ಶನಿವಾರ ರಾತ್ರಿ ಹಾಡುವವರು ಬೇಕಲ್ಲ? ಅದಕ್ಕೇ ಕಾಯಂ ಬಳಗ.

ಒಂದು ಕಾಲದಲ್ಲಿ ಸದಸ್ಯರು ವರ್ಷಕ್ಕೆ 26 ಶನಿವಾರ ಹಾಜರಿರಬೇಕಿತ್ತು. ಊರೂರು ಸುತ್ತುವ ಗಾಯಕನಿಗೆ ಕೈತುಂಬ ದುಡ್ಡು ತರುವ ರಾತ್ರಿಯೂ ಶನಿವಾರವೇ. ಆಪ್ರಿ ಕೊಡುತ್ತಿದ್ದುದು ಕಲಾವಿದರ ಸಂಘ ಗೊತ್ತುಮಾಡಿದ ಕನಿಷ್ಠ ಸಂಭಾವನೆ. 1964ರ ಡಿಸೆಂಬರ್‌ನಲ್ಲಿ ಹಾಜರಿ ಸಾಲದೆಂದು ಹತ್ತಕ್ಕೂ ಹೆಚ್ಚು ಹೆಸರನ್ನು ಒಮ್ಮೆಲೇ ಪಟ್ಟಿಯಿಂದ ತೆಗೆದರು. ಕಿಟ್ಟಿ ವೆಲ್ಸ್, ರೇ ಪ್ರೈಸ್‌ರಂಥ ದೊಡ್ಡವರೂ ಅದರಲ್ಲಿದ್ದರು. ಆಮೇಲೆ ಹಾಜರಿರಬೇಕಾದ ದಿನಗಳ ಸಂಖ್ಯೆ ಇಳಿಯುತ್ತ ಬಂತು. ಈಗಲೂ ‘ಬರುತ್ತೇನೆ’ ಎಂದು ಒಪ್ಪಿಕೊಳ್ಳದವರನ್ನು ಕರೆಯುವುದಿಲ್ಲ.

ಕರೆಯುವ ಬಗೆ ಮಾತ್ರ ಸೊಗಸು. ಸಾಮಾನ್ಯವಾಗಿ ಕಲಾವಿದರಿಗೆ ಸುಳಿವನ್ನೇ ಕೊಡದೆ, ವೇದಿಕೆಯ ಮೇಲೆ, ಹಿರಿಯ ಸದಸ್ಯರೊಬ್ಬರಿಂದ ಕೇಳಿಸುತ್ತಾರೆ. 2012ರಲ್ಲಿ ಗಾಯಕ ಡೇರಿಯಸ್ ರಕರ್ ಸಭಿಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಜನರ ಮಧ್ಯೆ ಎದ್ದು ನಿಂತ ಒಬ್ಬರು ತಮಾಷೆಯ ಪ್ರಶ್ನೆ ಹಾಕಿ, ‘ಆಪ್ರಿ ಸದಸ್ಯರಾಗುತ್ತೀರಾ?’ ಎಂದೂ ಕೇಳಿದರು. ನೋಡಿದರೆ ಆಪ್ರಿ ಸದಸ್ಯ, ಗಾಯಕ ಬ್ರ್ಯಾಡ್ ಪೈಸ್ಲಿ! ಕೆಲವು ದಿನಗಳ ನಂತರ ವಿಧ್ಯುಕ್ತ ಸೇರ್ಪಡೆ. ರಕರ್ ಕಪ್ಪು ಸದಸ್ಯರಲ್ಲಿ ಮೂರನೆಯವರು. ಮೊದಲಿಗರಾದ ಹಾರ್ಮೋನಿಕಾ ವಾದಕ ಡಿಫೋರ್ಡ್ ಬೈಲಿಯನ್ನು 1941ರಲ್ಲಿ ಕೆಲಸದಿಂದ ತೆಗೆದಿದ್ದರು. ಎರಡನೆಯವರಾಗಿ ಚಾರ್ಲಿ ಪ್ರೈಡ್ ಬರುವಷ್ಟರಲ್ಲಿ 1993 ಆಗಿತ್ತು. ಕರೆಯುವ ಅಧಿಕಾರ ಕೆಲವರ ಕೈಯಲ್ಲೇ ಇದ್ದರೆ ಹೀಗೂ ಆಗುತ್ತದೆ.

ವೇದಿಕೆಯ ನಡುವೆ ಬಣ್ಣ ಬೇರೆಯಿದ್ದ ಮರದ ವೃತ್ತವೊಂದನ್ನು ನೀವು ಗಮನಿಸಿರಬಹುದು. ಆರು ಅಡಿ ಅಗಲದ ಓಕ್ ಹಲಗೆ ಅದು. 1974ರಲ್ಲಿ ಹಳೆಯ ರೈಮನ್ ಸಭಾಂಗಣ ಬಿಟ್ಟು ಬರುವಾಗ ಅಲ್ಲಿನ ವೇದಿಕೆಯಿಂದ ಕತ್ತರಿಸಿ ತಂದು ಕೂರಿಸಿದ್ದು. 2010ರ ಪ್ರವಾಹದಲ್ಲಿ ನೀರಿನಡಿ ಮುಳುಗಿತ್ತು. ಒಣಗಿಸಿ, ಸರಿಪಡಿಸಿ ಮತ್ತೆ ಅಲ್ಲೇ ಜೋಡಿಸಿದರು. ಹೊಸ ಸದಸ್ಯರು ಅದರೊಳಗೆ ನಿಂತೇ ಹಾಡುತ್ತಾರೆ.

ಇನ್ನೊಂದು ಮಾತು. ಇದನ್ನು ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ (ಆ ಸಂಗೀತದ ಸಾಧಕರ ಗೌರವ ಪಟ್ಟಿ) ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಆ ಗೌರವ ಸತ್ತ ಮೇಲೂ ಸಲ್ಲುತ್ತದೆ. ಆಪ್ರಿ ಸದಸ್ಯತ್ವ ಬದುಕಿರುವವರಿಗೆ ಮಾತ್ರ. 1949ರಲ್ಲಿ ಮೊದಲ ಸಲ ಬಂದು ಸಭೆಯನ್ನು ಮರುಳುಮಾಡಿದ ಗಾಯಕ ಹ್ಯಾಂಕ್ ವಿಲಿಯಮ್ಸ್‌ರನ್ನು, ಕುಡಿತದಿಂದ ಕಾರ್ಯಕ್ರಮ ತಪ್ಪಿಸುತ್ತಾರೆಂದು 1952ರಲ್ಲಿ ಹೊರಹಾಕಿದರು. ಮರುವರ್ಷದ ಮೊದಲ ದಿನವೇ ಅವರು ತೀರಿಕೊಂಡರು. ಅವರನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಮೊಮ್ಮಗನೂ ಅಭಿಮಾನಿಗಳೂ ಎಷ್ಟೋ ಕೇಳಿಕೊಂಡರು. ಆಪ್ರಿಯವರು ಒಪ್ಪಲಿಲ್ಲ.