ನಾಲ್ಕು ಜನ ಅಲ್ಲ, ಒಬ್ಬನೇ ಬ್ರಾಡ್ಲಿ

ತಮ್ಮ, ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಇಂಗ್ಲೆಂಡಿಗೆ ಬಂದು ಆರು ವಾರ ಆಯಿತು, ಕೆಲಸ ಕಷ್ಟವಿಲ್ಲ, ಚಳಿಯೂ ಅಭ್ಯಾಸವಾಗುತ್ತಿದೆ, ಊಟದ ಹೊತ್ತಿನ ಹರಟೆ ಮಾತ್ರ ತಲೆಗೆ ಹೋಗುತ್ತಿಲ್ಲ ಅಂತ ಬರೆದಿದ್ದೀಯ. "ಬ್ರಾಡ್ಲಿ ವಾಲ್ಷ್ ಅಂತ ಯಾರೋ ಇದ್ದಾನಂತೆ ಅಕ್ಕ. ಒಬ್ಬರು ಫುಟ್‌ಬಾಲ್ ಆಡುತ್ತಿದ್ದವನು ಅಂತಾರೆ, ಇನ್ನೊಬ್ಬರು ಧಾರಾವಾಹಿಯ ಪೊಲೀಸ್ ಅಂತಾರೆ, ಮತ್ತೊಬ್ಬರು ಟಿವಿಯಲ್ಲಿ ಕ್ವಿಜ್ ನಡೆಸುವವನು ಅಂತಾರೆ, ಒಬ್ಬಳ ಅಮ್ಮನ ಹತ್ತಿರ ಅವನ ಹಾಡಿನ ಸಿಡಿ ಇದೆಯಂತೆ. ಒಂದೇ ಹೆಸರಿನ ನಾಲ್ಕು ಜನರಾ?" ಅಂತ ಕೇಳಿದ್ದೀಯ. ಕೊನೆಗೆ ಸಣ್ಣದಾಗಿ ಇನ್ನೊಂದು ಪ್ರಶ್ನೆ: ಮೆಕ್ಯಾನಿಕಲ್ ಓದಿ ಮುಂದೆ ಬೇರೆ ಏನಾದರೂ ಮಾಡಿದರೆ ಇಲ್ಲಿ ಜನ ಏನಂದುಕೊಳ್ಳುತ್ತಾರೆ?

ಒಬ್ಬನೇ ಕಣೋ. ನಮ್ಮೂರಿನವನೇ. ನಮ್ಮೂರು ಅಂದರೆ ನಾನು 22 ವರ್ಷದಿಂದ ಇರುವ, ಲಂಡನ್ ಪಕ್ಕದ ಈ ವಾಟ್‌ಫರ್ಡ್. 1960ರಲ್ಲಿ ಇಲ್ಲೇ ಹುಟ್ಟಿದವನು. (ದಿನಾ ಟಿವಿಯಲ್ಲಿ ಕಾಣುವವರನ್ನು ಏಕವಚನದಲ್ಲೇ ಕರೆಯುವುದು ನಮ್ಮ ಮನೆ ಚಾಳಿ, ಬೇಜಾರು ಮಾಡ್ಕೋಬೇಡ.) ಶಾಲೆ ಬಿಟ್ಟ ಮೇಲೆ ಇಲ್ಲಿನ ರೋಲ್ಸ್ ರಾಯ್ಸ್ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದ. ಅಂದರೆ ನಿನ್ನ ಜಾತಿಯವನೇ, ಕೈಗೆ ಗ್ರೀಸ್ ಮೆತ್ತಿಕೊಂಡವನು. ಆ ಕಾರ್ಖಾನೆ ಇದ್ದ ಲೀವ್ಸ್‌ಡೆನ್‌ನಲ್ಲಿ ಈಗ ಹ್ಯಾರಿ ಪಾಟರ್ ಸ್ಟುಡಿಯೊ ಇದೆ. ಊರಿಂದ ನೆಂಟರು ಬಂದಾಗಲೆಲ್ಲ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನನಗೆ ದಾರಿ ಬಾಯಿಪಾಠ.

ಆಮೇಲೆ ಫುಟ್‌ಬಾಲ್. 1978ರಲ್ಲಿ ಬ್ರೆಂಟ್‌ಫರ್ಡ್ ಕ್ಲಬ್ ಸೇರಿದ. ಮೊದಲ ತಂಡಕ್ಕೆ ಒಂದು ಸಲವೂ ಇಳಿಯಲಿಲ್ಲ, ರಿಸರ್ವ್ ಆಟಗಾರನಾಗಿಯೇ ಉಳಿದ. ಕಾಲಿನ ಗಿಣ್ಣು ಮುರಿದು ಅದೂ ಮುಗಿಯಿತು. ನಮ್ಮ ಕಡೆ ಆಗಿದ್ದರೆ "ಓದಲಿಲ್ಲ, ಆಟವೂ ಹತ್ತಲಿಲ್ಲ" ಅಂತ ಮದುವೆಮನೆಗಳಲ್ಲಿ ಹತ್ತು ವರ್ಷ ಮಾತಾಡುತ್ತಿದ್ದರು. ಅವನು ಪಾಂಟಿನ್ಸ್‌ನಲ್ಲಿ ನೀಲಿ ಕೋಟು ಹಾಕಿಕೊಂಡ. ಪಾಂಟಿನ್ಸ್ ಅಂದರೆ ಸಮುದ್ರದ ದಡದಲ್ಲಿ ಸಾಧಾರಣ ಜನ ಸಂಸಾರ ಸಮೇತ ರಜೆ ಕಳೆಯುತ್ತಿದ್ದ ಕ್ಯಾಂಪು. ಅಲ್ಲಿ ನೀಲಿ ಕೋಟಿನವರ ಕೆಲಸ ಇಷ್ಟೇ ಅಂತಿರಲಿಲ್ಲ. ಬೆಳಿಗ್ಗೆ ಮಕ್ಕಳನ್ನು ಆಡಿಸಬೇಕು, ರಾತ್ರಿ ವೇದಿಕೆ ಹತ್ತಿ ಹಾಡಬೇಕು, ಜೋಕು ಹೊಡೆಯಬೇಕು. ಈ ದೇಶದ ಎಷ್ಟೋ ಹಾಸ್ಯಗಾರರು ಇಂಥ ಕ್ಯಾಂಪುಗಳಲ್ಲೇ ಪಳಗಿದವರು. ಬಟ್ಲಿನ್ಸ್ ಅನ್ನುವ ಇನ್ನೊಂದು ಕಂಪನಿಯಲ್ಲಿ ಕೋಟು ಕೆಂಪು. ಹಾಡು, ಹಾಸ್ಯ, ನಿರೂಪಣೆ ಮೂರರಲ್ಲೂ ಹೆಸರು ಮಾಡಿದ ಡೆಸ್ ಒ'ಕಾನರ್ ಅದನ್ನು ಹಾಕಿದ್ದವರು.

ಮಧ್ಯದ ವರ್ಷಗಳನ್ನು ಬೇಗ ಮುಗಿಸುತ್ತೇನೆ. ಕ್ಲಬ್ಬುಗಳಲ್ಲಿ ಹಾಸ್ಯ, ನಂತರ ಟಿವಿ. ಒಂದು ವಿಷಯ ಮಾತ್ರ ನೆನಪಿಟ್ಟುಕೋ. 1997ರಲ್ಲಿ ವೀಲ್ ಆಫ್ ಫಾರ್ಚೂನ್ ಅನ್ನುವ ಆಟದ ಕಾರ್ಯಕ್ರಮ ನಡೆಸಿಕೊಡಲು ಸಿಕ್ಕಿತು. ಒಂದೇ ವರ್ಷ. ಮುಂದಿನ ವರ್ಷ ಆ ಜಾಗದಲ್ಲಿ ಬೇರೆಯವರು ನಿಂತಿದ್ದರು. ಆಮೇಲೆ ನಟನೆ: 2004ರಿಂದ ಎರಡು ವರ್ಷ ಕೊರೊನೇಷನ್ ಸ್ಟ್ರೀಟ್ ಧಾರಾವಾಹಿ, 2009ರಿಂದ ಲಾ ಅಂಡ್ ಆರ್ಡರ್ ಯುಕೆಯಲ್ಲಿ ನಿನ್ನ ಸಹೋದ್ಯೋಗಿ ಹೇಳಿದ ಆ ಪೊಲೀಸ್. ಅದೇ 2009ರಲ್ಲಿ ಐಟಿವಿ ಚಾನೆಲ್‌ನಲ್ಲಿ ಅವನು ನಡೆಸಿಕೊಡುವ ದಿ ಚೇಸ್ ಅನ್ನುವ ಕ್ವಿಜ್ ಶುರುವಾಯಿತು. ಒಂದು ಕಡೆ ಗಂಭೀರ ಪೊಲೀಸ್, ಇನ್ನೊಂದು ಕಡೆ ಕ್ವಿಜ್‌ನಲ್ಲಿ ಹಲ್ಲು ಕಿಸಿಯುವವನು. ಯಾರೂ ತಪ್ಪು ತಿಳಿಯಲಿಲ್ಲ ನೋಡು.

ನನಗೆ ದಿ ಚೇಸ್ ಹಚ್ಚಿದ್ದು ಪಕ್ಕದ ಮನೆ ಅಜ್ಜಿ. ಮಗಳನ್ನು ಶಾಲೆಯಿಂದ ಕರೆತಂದು, ಸಂಜೆ ಐದಕ್ಕೆ ಅವರ ಮನೆ ಸೋಫಾದಲ್ಲಿ ಕೂರುತ್ತಿದ್ದೆ. ಕೈಗೆ ಹಾಲು ಹಾಕಿದ ಕಡು ಚಹಾ, ಅದರಲ್ಲಿ ಅದ್ದಲು ಬಿಸ್ಕತ್ತು. ಆಟ ಸುಲಭ. ಪರಿಚಯವಿಲ್ಲದ ನಾಲ್ವರು ಒಂದು ತಂಡ. ಒಬ್ಬೊಬ್ಬರಿಗೂ ಒಂದು ನಿಮಿಷ, ಸರಿ ಉತ್ತರಕ್ಕೆ 1,000 ಪೌಂಡ್. ಆಮೇಲೆ ಮೇಲೆ ಕೂತ 'ಚೇಸರ್', ಅಂದರೆ ಕ್ವಿಜ್‌ನಲ್ಲಿ ಪಳಗಿದ ಒಬ್ಬರು, ಅಟ್ಟಿಸಿಕೊಂಡು ಬರುತ್ತಾರೆ. ಜಾಸ್ತಿ ದುಡ್ಡು ಬೇಕಾದರೆ ಅವರಿಗೆ ಇನ್ನೂ ಹತ್ತಿರ ನಿಲ್ಲಬೇಕು, ದೂರ ನಿಂತರೆ ಕಡಿಮೆ ದುಡ್ಡು. ಕೆಲವು ಸಲ ದೂರ ನಿಲ್ಲುವ ಬೆಲೆ ಸೊನ್ನೆಗಿಂತಲೂ ಕೆಳಗೆ ಇಳಿದು ಇಡೀ ತಂಡದ ದುಡ್ಡಿಗೇ ಕತ್ತರಿ. ಅದನ್ನು ಒಪ್ಪಿದವರನ್ನು ಕಂಡರೆ ಅಜ್ಜಿ ಬಿಸ್ಕತ್ತು ಎತ್ತಿ ಟಿವಿಗೆ ತೋರಿಸಿ ಬೈಯುತ್ತಿದ್ದರು. ಕ್ರಿಕೆಟ್ ಪ್ರಶ್ನೆ ಬಂದರೆ ನನ್ನ ಮುಖ ನೋಡುತ್ತಿದ್ದರು. ನನಗೆ ಕ್ರಿಕೆಟ್ ಗೊತ್ತಿಲ್ಲ ಅಂತ ಅವರು ಕೊನೆವರೆಗೂ ನಂಬಲಿಲ್ಲ.

ಇಲ್ಲಿನವರ ನಗು ನನಗೆ ಅರ್ಥವಾಗಿದ್ದು ಆ ಸೋಫಾದಲ್ಲೇ. 2011ರಲ್ಲಿ ಒಂದು ಪ್ರಶ್ನೆಯ ಉತ್ತರ ಒಬ್ಬ ಜರ್ಮನ್ ಸ್ಕೀ ಆಟಗಾರ್ತಿಯ ಹೆಸರು. ಪಾಪ, ಅವಳ ತಪ್ಪೇನಿಲ್ಲ. ಇಲ್ಲಿನ ಇಂಗ್ಲಿಷಿನಲ್ಲಿ ಆ ಹೆಸರು ಪೋಲಿಯಾಗಿ ಕೇಳುತ್ತದೆ, ಅಷ್ಟೆ. ಅಮೆರಿಕದಲ್ಲಿ ಅದೇ ಮಾತಿಗೆ ಬೇರೆ ಅರ್ಥ, ಅಷ್ಟು ಪೋಲಿಯಲ್ಲ. ಬ್ರಾಡ್ಲಿ ಓದಲು ಹೋದ, ಆಗಲಿಲ್ಲ. ಕಣ್ಣಲ್ಲಿ ನೀರು, ಮಾತೇ ಹೊರಡುತ್ತಿಲ್ಲ. ಅವನು ತಡೆದುಕೊಳ್ಳಲು ಒದ್ದಾಡಿದಷ್ಟೂ ನೋಡುವವರಿಗೆ ನಗು. ನಿನ್ನ ಆಫೀಸಿನಲ್ಲೂ ಹಾಗೇ. ನೀನು ಬಾಯಿ ತಪ್ಪಿ ಏನೋ ಅಂದು ಅವರು ನಕ್ಕರೆ ಮುಖ ಗಂಟು ಹಾಕಬೇಡ. ನೀನೇ ಮೊದಲು ನಕ್ಕುಬಿಡು. ಆವತ್ತಿಂದ ನಿನ್ನನ್ನೂ ಗೋಳು ಹೊಯ್ದುಕೊಳ್ಳುತ್ತಾರೆ. ಇಲ್ಲಿ ಅದು ಸ್ನೇಹದ ಲೆಕ್ಕ.

ಹಾಡಿನ ಸಿಡಿಯೂ ನಿಜ. 2016ರಲ್ಲಿ, 56ನೇ ವಯಸ್ಸಿಗೆ, ಹಳೇ ಜಾಜ್ ಹಾಡುಗಳ ಆಲ್ಬಮ್ ತಂದ. ಆ ವರ್ಷ ಬ್ರಿಟಿಷ್ ಕಲಾವಿದರ ಚೊಚ್ಚಲ ಆಲ್ಬಮ್‌ಗಳಲ್ಲಿ ಅತಿ ಹೆಚ್ಚು ಮಾರಿದ್ದು ಅದೇ. ಲಕ್ಷಕ್ಕೂ ಮೇಲೆ ಹೋಯಿತು. ಹುಡುಗರನ್ನೆಲ್ಲ ಹಿಂದೆ ಹಾಕಿದ. ನನ್ನ ಕೇಳಿದರೆ ಹಾಡುಗಾರಿಕೆ ಪರವಾಗಿಲ್ಲ, ಅಷ್ಟೇ. 2018ರಲ್ಲಿ ಡಾಕ್ಟರ್ ಹೂ ಅನ್ನುವ ಧಾರಾವಾಹಿಯಲ್ಲಿ ನಟನೆ, ಈಗ ಮಗ ಬಾರ್ನಿ ಜೊತೆ ಬಿಬಿಸಿಯಲ್ಲಿ ಗ್ಲಾಡಿಯೇಟರ್ಸ್ ಅನ್ನುವ ಸ್ಪರ್ಧೆಯ ನಿರೂಪಣೆ.

ಇನ್ನು ಆ ಸಣ್ಣ ಪ್ರಶ್ನೆ. ಇಲ್ಲಿ ಯಾರೂ "ಓದಿದ್ದು ವೇಸ್ಟ್ ಆಯ್ತಲ್ಲ" ಅನ್ನುವುದಿಲ್ಲ. ದಿ ಚೇಸ್‌ನಲ್ಲೇ ಪಾಲ್ ಸಿನ್ಹಾ ಅಂತ ಒಬ್ಬ ಚೇಸರ್ ಇದ್ದಾರೆ. ಲೂಟನ್‌ನಲ್ಲಿ ಹುಟ್ಟಿದವರು, ಬಂಗಾಳಿ ಮನೆತನ, ವೈದ್ಯರಾಗಿದ್ದು ಸ್ಟ್ಯಾಂಡ್‌ಅಪ್ ಹಾಸ್ಯಕ್ಕೆ ಬಂದವರು. ಮನೆಯಲ್ಲಿ ಏನಂದರೋ ಏನೋ! ಆದರೆ ಒಂದು ಮಾತು ತಮ್ಮ: ಬ್ರಾಡ್ಲಿಗೆ ವೀಸಾ ಇರಲಿಲ್ಲ, ನಿನಗಿದೆ. ಸ್ಕಿಲ್ಡ್ ವರ್ಕರ್ ವೀಸಾ ನಿನ್ನನ್ನು ಸ್ಪಾನ್ಸರ್ ಮಾಡಿದ ಕಂಪನಿಗೆ ಕಟ್ಟಿಹಾಕಿರುತ್ತದೆ. ಈ ದೇಶದಲ್ಲಿ ಪರ್ಮನೆಂಟ್ ಆಗಿ ನೆಲೆಸಲು ಅನುಮತಿ ಸಿಗುವವರೆಗೆ ರಾಜೀನಾಮೆ ಪತ್ರ ಡ್ರಾಯರಲ್ಲಿ ಇರಲಿ. ಸಂಜೆ ಸುಮ್ನೆ ಏನಾದರೂ ಕಲಿಯುತ್ತಿರು.

ಟಿವಿ ಲೈಸೆನ್ಸ್ ತಗೊಂಡಿದ್ದೀಯಾ? ಲೈವ್ ಟಿವಿ ನೋಡಲು ಬೇಕೇ ಬೇಕು, ಫೋನಲ್ಲಿ ನೋಡಿದರೂ ಸರಿ. ಐಟಿವಿಯ ಹಳೇ ಕಂತುಗಳನ್ನು ಅವರ ಆ್ಯಪ್‌ನಲ್ಲಿ ಆಮೇಲೆ ನೋಡುವುದಕ್ಕೆ ಬೇಡ.

ಶನಿವಾರ ಮನೆಗೆ ಬಾ. ಗುಜರಾತಿ ಅಂಗಡಿಯ ಫ್ರೀಜರ್‌ನಲ್ಲಿ ಸುರ್ತಿ ಲಿಲ್ವಾ ಅಂತ ಬರೆದಿರುತ್ತದೆ, ನಮ್ಮ ಅವರೆಕಾಳೇ, ಉಪ್ಪಿಟ್ಟಿಗೆ ಹಾಕುತ್ತೇನೆ. ಆ ಜರ್ಮನ್ ಹೆಸರಿನ ಕ್ಲಿಪ್ಪೂ ತೋರಿಸುತ್ತೇನೆ. ಅರ್ಥ ಮಾತ್ರ ನನ್ನನ್ನು ಕೇಳಬೇಡ, ನಿಮ್ಮ ಭಾವ ಹೇಳುತ್ತಾರೆ.