ಗ್ಯಾರೇಜ್ ಮಾತು: ಬೆಳಕು ಜಾಸ್ತಿ ಬೇಕು, ಎದುರಿನವರ ಕಣ್ಣು ಕುಕ್ಕಬಾರದು

ಪ್ರಶ್ನೆ: ನಮಸ್ಕಾರ ಅಣ್ಣ. ನನ್ನದು ಹಳೆಯ ಪಿಕಪ್. ಕಾಫಿ, ಕರಿಮೆಣಸು ಲೋಡ್ ಹೊಡೆಯುತ್ತೇನೆ. ಆಗಾಗ ರಾತ್ರಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಾಗುತ್ತದೆ. ಹೆಡ್‌ಲೈಟ್ ಬೆಳಕು ಏನೇನೂ ಸಾಲುತ್ತಿಲ್ಲ. ಆನ್‌ಲೈನಿನಲ್ಲಿ 20,000 ಲ್ಯೂಮೆನ್ (ಬೆಳಕಿನ ಅಳತೆ) ಅಂತ ಬರೆದಿರುವ ಎಲ್‌ಇಡಿ ಬಲ್ಬ್ ನೋಡಿಟ್ಟಿದ್ದೇನೆ. ಗೆಳೆಯ 100/90 ವಾಟ್ ಹ್ಯಾಲೋಜನ್ ಹಾಕು ಅನ್ನುತ್ತಾನೆ. ಎದುರಿಗೆ ಬರುವವರಿಗೆ ತೊಂದರೆ ಆಗಬಾರದು. ಯಾವುದು ಹಾಕಿಸಲಿ?
— ಪಿಕಪ್ ಚಾಲಕ, ನಾಪೋಕ್ಲು

ಉತ್ತರ: ಎರಡೂ ಬೇಡ. ಸದ್ಯಕ್ಕೆ ಬಲ್ಬಿಗೆ ದುಡ್ಡು ಹಾಕಲೇಬೇಡಿ. ಗಾಡಿ ಹೊಸದಿದ್ದಾಗ ಇದ್ದ ಬೆಳಕು ಎಲ್ಲಿಗೆ ಹೋಯಿತು ಅಂತ ಮೊದಲು ಹುಡುಕೋಣ.

ನಿಮ್ಮ ಗಾಡಿಯಲ್ಲಿರುವುದು ಎಚ್4 ಅನ್ನುವ ಮಾದರಿಯ ಬಲ್ಬ್, 60/55 ವಾಟ್ (ಬ್ರೈಟ್‌ಗೆ 60, ಡಿಮ್‌ಗೆ 55) ಅಂದುಕೊಳ್ಳುತ್ತೇನೆ. ಅದು ಡಿಮ್‌ನಲ್ಲಿ ಸುಮಾರು 1000 ಲ್ಯೂಮೆನ್ ಕೊಡುತ್ತದೆ, ಬ್ರೈಟ್‌ನಲ್ಲಿ ಸುಮಾರು 1650. ಬೆರಳುದ್ದದ ಬಲ್ಬಿನಲ್ಲಿ 20,000 ಅನ್ನುವುದು ಸುಮ್ನೆ ಡಬ್ಬದ ಮೇಲಿನ ಬರಹ. ಅಷ್ಟು ಬೆಳಕಿನ ಜೊತೆ ಹುಟ್ಟುವ ಶಾಖ ಹೊರಗೆ ಹೋಗಲು ಆ ಬಲ್ಬಿನಲ್ಲಿ ಜಾಗವೇ ಇಲ್ಲ.

ಒಂದು ಮಲ್ಟಿಮೀಟರ್ ತನ್ನಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ. ಬ್ಯಾಟರಿ ಮೇಲೆ ಅಳೆಯಿರಿ. ಚಾರ್ಜಿಂಗ್ ಸರಿ ಇದ್ದರೆ 14 ವೋಲ್ಟಿನ ಆಸುಪಾಸು ತೋರಿಸುತ್ತದೆ. ಈಗ ಬಲ್ಬ್ ಕಳಚದೆ, ಕಪ್ಲರಿನ (ಬಲ್ಬಿನ ಹಿಂದೆ ವೈರು ಸಿಕ್ಕಿಸುವ ಪ್ಲಗ್) ಹಿಂದಿನಿಂದ ಮೀಟರಿನ ಕಡ್ಡಿ ತೂರಿಸಿ ಅಲ್ಲೂ ಅಳೆಯಿರಿ. ಅರ್ಧ ವೋಲ್ಟ್ ಕಡಿಮೆ ಬಂದರೆ ಚಿಂತೆಯಿಲ್ಲ. ಹಳೆಯ ಗಾಡಿಗಳಲ್ಲಿ ಒಂದೂವರೆ, ಎರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗಿರುತ್ತದೆ. ಹ್ಯಾಲೋಜನ್ ಇದನ್ನು ತಡೆದುಕೊಳ್ಳುವುದಿಲ್ಲ. ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಕಾಲು ಭಾಗಕ್ಕಿಂತಲೂ ಜಾಸ್ತಿ ಇಳಿಯುತ್ತದೆ.

ನಮ್ಮ ಕಡೆ ಇದಕ್ಕೆ ಮೊದಲ ಕಾರಣ ಅರ್ತ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಕೊಡಗಿನ ಮಳೆಗೆ ಬಾಡಿಯ ಬೋಲ್ಟುಗಳೆಲ್ಲ ತುಕ್ಕು. ಹೆಡ್‌ಲೈಟ್ ಹಿಂದೆ ಬಾಡಿಗೆ ಬಿಗಿದಿರುವ ಕಪ್ಪು ವೈರಿನ ಬೋಲ್ಟ್ ಬಿಚ್ಚಿ ನೋಡಿ, ಹಸಿರು ಪುಡಿ ಉದುರುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಎಷ್ಟೋ ಗಾಡಿಗಳು ನನ್ನ ಅಂಗಡಿಯಿಂದ ಇಷ್ಟರಲ್ಲೇ ವಾಪಸ್ ಹೋಗಿವೆ.

ಅದಾದ ಮೇಲೂ ವೋಲ್ಟ್ ಕಡಿಮೆ ಬಂದರೆ ರಿಲೇ ಹಾಕಿಸಿ. ಹಳೆಯ ಗಾಡಿಗಳಲ್ಲಿ ಹೆಚ್ಚಿನವುಗಳಲ್ಲಿ ದೀಪದ ಕರೆಂಟೆಲ್ಲ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಸುತ್ತಿ ಬರುತ್ತದೆ. ರಿಲೇ ಇದ್ದರೆ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಬಲ್ಬಿಗೆ ಹೋಗುತ್ತದೆ, ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ. ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಹೋಲ್ಡರ್ ಸೆರಾಮಿಕ್‌ದೇ ಕೇಳಿ. ಅದೇ 60/55 ಬಲ್ಬ್ ಆಮೇಲೆ ಹೇಗೆ ಉರಿಯುತ್ತದೆ ಅಂತ ನೋಡಿ.

ನಿಮ್ಮ ಗೆಳೆಯ ಹೇಳಿದ 100/90 ಬಲ್ಬಿನ ವಿಷಯ. ಕಳೆದ ಮಳೆಗಾಲದಲ್ಲಿ ಅಮ್ಮತ್ತಿ ಕಡೆಯಿಂದ ಒಂದು ಜೀಪು ಬಂತು. ಕಪ್ಲರ್ ಕರಗಿ ಬಲ್ಬಿನ ಕಾಲಿಗೆ ಅಂಟಿಕೊಂಡಿತ್ತು. ಕಟರ್ ಹಾಕಿ ಕತ್ತರಿಸಬೇಕಾಯಿತು. ಒಳಗೆ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಸುಟ್ಟು ಕಂದು ಕಲೆ ಕೂತಿತ್ತು. ಎರಡು 55 ವಾಟ್ ಬಲ್ಬ್ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಎರಡು 90 ವಾಟಿನವು 15. ಕಂಪನಿಯವರು ಕೊಟ್ಟ ವೈರು ಅದಕ್ಕಲ್ಲ. ಬೆಳಕಿಗೆ ಅಂತ ಹಾಕಿ ಕೊನೆಗೆ ಆ ಮನುಷ್ಯ ಡೂಮ್ (ರಿಫ್ಲೆಕ್ಟರ್ ಸಮೇತ ಇಡೀ ಹೆಡ್‌ಲೈಟ್) ಎರಡೂ ಬದಲಾಯಿಸಿದರು. ಮೇಲಾಗಿ ಅಷ್ಟು ವಾಟಿನ ಬಲ್ಬ್ ರಸ್ತೆಗೆ ಹಾಕುವಂತೆಯೂ ಇಲ್ಲ.

ಇನ್ನು ಎಲ್‌ಇಡಿ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ಫಿಲಮೆಂಟ್ ಇವೆ. ಡಿಮ್ ಫಿಲಮೆಂಟಿನ ಕೆಳಗೆ ಚಮಚದ ಆಕಾರದ ಸಣ್ಣ ತಗಡು ಇದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮುತ್ತದೆ ಅಲ್ವಾ? ಅದನ್ನು ತಡೆಯುವುದೇ ಆ ತಗಡಿನ ಕೆಲಸ. ಎದುರಿನವರ ಕಣ್ಣನ್ನು ಕಾಯುತ್ತಿರುವುದು ಅದು. ರಿಫ್ಲೆಕ್ಟರ್ ರೂಪಿಸಿರುವುದೂ ಫಿಲಮೆಂಟ್ ಇರುವ ಜಾಗದ ಲೆಕ್ಕದಲ್ಲೇ. ಎಲ್‌ಇಡಿ ಬಲ್ಬಿನ ಚಿಪ್‌ಗಳು ಕಡ್ಡಿಯ ಎರಡು ಬದಿಯಲ್ಲಿ ಕೂತಿರುತ್ತವೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚದುರುತ್ತದೆ. ನಿಮಗೆ ಬಂಪರ್ ಮುಂದಿನ ರಸ್ತೆ ಬೆಳ್ಳಗೆ ಕಾಣುತ್ತದೆ, 'ಆಹಾ' ಅನ್ನಿಸುತ್ತದೆ. ದೂರದ ಬೆಳಕು ಮಾತ್ರ ಅಷ್ಟೇನೂ ಹೆಚ್ಚಿರುವುದಿಲ್ಲ. ಹತ್ತಿರ ಬೆಳ್ಳಗಾದಷ್ಟೂ ಕಣ್ಣಿಗೆ ದೂರದ್ದು ಕಾಣುವುದು ಕಷ್ಟ.

ಎಲ್‌ಇಡಿಯೇ ಬೇಕು ಅಂದರೆ ಬಲ್ಬ್ ಬದಲಿಸಬೇಡಿ. ಎಲ್‌ಇಡಿಗೆಂದೇ ಮಾಡಿದ, ಪ್ರಮಾಣೀಕೃತ ಇಡೀ ಹೆಡ್‌ಲೈಟ್ ಹಾಕಿಸಿ. ಅಲ್ಲೊಂದು ವಿಷಯ ನೋಡಿಕೊಳ್ಳಿ. ಡಿಮ್‌ನಲ್ಲಿ ಗೋಡೆಗೆ ಹಿಡಿದಾಗ ಬೆಳಕಿನ ಮೇಲಂಚಿನ ಗೆರೆ ಎಡಕ್ಕೆ ಏರಬೇಕು. ನಾವು ಎಡಗಡೆ ಓಡಿಸುವವರು. ಎಡಕ್ಕೆ ಏರಿದರೆ ರಸ್ತೆ ಅಂಚಿನ ಚರಂಡಿ, ನಡೆದು ಹೋಗುವವರು ಕಾಣುತ್ತಾರೆ. ಬಲಗಡೆ ಓಡಿಸುವ ದೇಶಗಳಿಗೆ ಮಾಡಿದ ಲೈಟುಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಅವು ಬಲಕ್ಕೆ ಏರುತ್ತವೆ, ಅಂದರೆ ನೇರ ಎದುರಿನ ಚಾಲಕನ ಮುಖಕ್ಕೆ.

ಈಗ ಫೋಕಸ್, ಅಂದರೆ ಬೆಳಕು ಎಲ್ಲಿಗೆ ಬೀಳಬೇಕು ಅನ್ನುವ ಸೆಟ್ಟಿಂಗ್. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು, ಖರ್ಚೂ ಇಲ್ಲ. ಕಾಫಿ ಒಣಗಿಸುವ ಸಿಮೆಂಟ್ ಕಣ, ಅದರ ಪಕ್ಕದಲ್ಲಿ ಗೋಡೌನ್ ಗೋಡೆ, ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. (ಕಣಕ್ಕೆ ನೀರು ಹರಿದು ಹೋಗಲು ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಗಾಡಿಯ ಮೂತಿ ಅದರ ಉದ್ದಕ್ಕೆ ಇರದಂತೆ ನಿಲ್ಲಿಸಿ.) ಟೈರ್ ಗಾಳಿ ಸರಿ ಮಾಡಿ, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂರಲಿ. ಗೋಡೆಯಿಂದ ಹೆಡ್‌ಲೈಟಿಗೆ 10 ಮೀಟರ್ ಇರಲಿ. ನೆಲದಿಂದ ಬಲ್ಬಿನ ಎತ್ತರ ಅಳೆದು, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಗೋಡೆಯ ಮೇಲೆ ಟೇಪ್ ಅಂಟಿಸಿ. ಒಂದು ಲೈಟಿಗೆ ಗೋಣಿಚೀಲ ಮುಚ್ಚಿ, ಇನ್ನೊಂದರ ಸ್ಕ್ರೂ ತಿರುಗಿಸಿ ಗೆರೆಯನ್ನು ಟೇಪಿಗೆ ತನ್ನಿ. ಬಲ್ಬ್ 80 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಬೆಳಕು 80 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಡಿಮ್‌ಗೆ ಅಷ್ಟು ಸಾಕು.

ಆದರೆ ನಿಮ್ಮದು ಲೋಡ್ ಗಾಡಿ. ಚೀಲ ಏರಿದ ಹಾಗೆ ಹಿಂದೆ ಕುಸಿಯುತ್ತದೆ, ಮುಂದೆ ಮೂತಿ ಎತ್ತುತ್ತದೆ. ಚಕ್ರದಿಂದ ಚಕ್ರಕ್ಕೆ 3 ಮೀಟರ್ ಇರುವ ಗಾಡಿ ಹಿಂದೆ 5 ಸೆಂಟಿಮೀಟರ್ ಕುಸಿದರೂ ಸಾಕು, ನೀವು ತಗ್ಗಿಸಿದ್ದೆಲ್ಲ ಹೋಗಿ ಬೆಳಕು ಮೇಲಕ್ಕೇ ಹೋಗುತ್ತದೆ. ಎದುರಿನವರು ಡಿಪ್ ಹೊಡೆದು ಬೈಯುತ್ತಾರೆ, ನೀವು 'ನಾನು ಡಿಮ್‌ನಲ್ಲೇ ಇದ್ದೇನಲ್ಲ' ಅಂತ ಸಿಟ್ಟಾಗುತ್ತೀರಿ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಬರೆದ ಗುಂಡಿ ಇದ್ದರೆ ಅದು ಇದಕ್ಕೇ ಇರುವುದು. ಖಾಲಿ ಇದ್ದಾಗ 0, ಲೋಡ್ ಇದ್ದಾಗ ಮೇಲಿನ ಅಂಕಿ. ಆ ಗುಂಡಿಯನ್ನು ಮುಟ್ಟಿಯೇ ಇಲ್ಲದ ಡ್ರೈವರುಗಳು ಎಷ್ಟೋ ಜನ. ಗುಂಡಿ ಇಲ್ಲದಿದ್ದರೆ ಲೋಡ್ ಹಾಕಿಯೇ ಫೋಕಸ್ ಸೆಟ್ ಮಾಡಿಸಿ. ಖಾಲಿ ಬರುವಾಗ ಬೆಳಕು ಸ್ವಲ್ಪ ಹತ್ತಿರ ಬೀಳುತ್ತದೆ, ಸಹಿಸಿಕೊಳ್ಳಿ.

ಹೊರಗಿನ ಕವರ್ ಗಾಜಿನದಾದರೆ ತೊಳೆದರೆ ಸಾಕು. ಪ್ಲಾಸ್ಟಿಕ್ ಆಗಿ ಹಳದಿ ತಿರುಗಿದ್ದರೆ ನೀರು ಹಾಕಿಕೊಂಡು 1000, ಆಮೇಲೆ 2000 ನಂಬರಿನ ಪೇಪರಿನಲ್ಲಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ಪಾಲಿಶ್ ಮಾಡಿಸಿ. ಮೇಲೆ ಬಿಸಿಲು ತಡೆಯುವ ಯುವಿ ಕೋಟಿಂಗ್ ಬೇಕೇ ಬೇಕು. ಟೂತ್‌ಪೇಸ್ಟ್ ವಿಡಿಯೋ ನೋಡಿ ಮೋಸ ಹೋಗಬೇಡಿ, ಬಿಸಿಲು ಬಿದ್ದ ಮೇಲೆ ಮತ್ತೆ ಅದೇ ಹಳದಿ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ನೋಡಿ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕದಂತೆ ಬೆಳಕು ತಗ್ಗಿರಬೇಕು, ಇಲ್ಲವೇ ಚಾಲಕ ತಗ್ಗಿಸುವಂತಿರಬೇಕು. 2024ರಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳಿಗೆ ಕೇಸು ಹಾಕುತ್ತಿದ್ದಾರೆ.

ಘಾಟಿಯಲ್ಲಿ ಇನ್ನೊಂದು. ತಿರುವಿನಾಚೆ ಮರಗಳ ಮೇಲೆ ಬೆಳಕು ಬಿದ್ದ ಕೂಡಲೇ ಡಿಮ್ ಮಾಡಿ, ಗಾಡಿ ಕಾಣುವವರೆಗೆ ಕಾಯಬೇಡಿ. ತಿರುವಿನಲ್ಲಿ ಕಣ್ಣು ಕತ್ತಲಾದರೆ ಅವರಿಗೆ ಪಕ್ಕಕ್ಕೆ ಹೋಗಲು ಜಾಗ ಇರುವುದಿಲ್ಲ.

ಪ್ರಶ್ನೆ: ಮಾದಾಪುರದಿಂದ ಮಡಿಕೇರಿಗೆ ದಿನಾ ಕಾರಿನಲ್ಲಿ ಬರುತ್ತೇನೆ. ಮಳೆಗಾಲದಲ್ಲಿ ಮಂಜು ಬಿದ್ದರೆ ಹತ್ತಡಿ ಮುಂದೆ ಕಾಣುವುದಿಲ್ಲ. ಹಳದಿ ಲೈಟ್ ಮಂಜನ್ನು ಸೀಳುತ್ತದೆ ಅನ್ನುತ್ತಾರೆ, ನಿಜವಾ?
— ಶಿಕ್ಷಕಿ, ಮಾದಾಪುರ

ಉತ್ತರ: ಸೀಳುವುದಿಲ್ಲ ಮೇಡಂ. ಮಂಜಿನ ಹನಿಗಳಿಗೆ ಬಿಳಿ, ಹಳದಿ ಹೆಚ್ಚುಕಡಿಮೆ ಒಂದೇ. ನೀಲಿ ಬೆರೆತ ಬಿಳಿಗಿಂತ ಹಳದಿ ಕಣ್ಣಿಗೆ ಹಿತ, ಅಷ್ಟೇ. ಫಾಗ್ ಲ್ಯಾಂಪಿನ ಗುಟ್ಟು ಇರುವುದು ಅದು ಕೂತಿರುವ ಜಾಗದಲ್ಲಿ. ಬಂಪರಿನ ಕೆಳಗಿದ್ದು, ಬೆಳಕು ಅಗಲವಾಗಿ ನೆಲಕ್ಕೆ ಹತ್ತಿರ ಹೋದರೆ ರಸ್ತೆಯಂಚಿನ ಬಿಳಿ ಪಟ್ಟೆ ಕಾಣುತ್ತದೆ. ಮೇಲೆ ಕಟ್ಟಿದರೆ ಹಳದಿಯಾದರೂ ದಂಡ. ಮಂಜಿನಲ್ಲಿ ಬ್ರೈಟ್ ಹಾಕಲೇಬೇಡಿ, ನಿಮ್ಮ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದೂ ಬೇಡ, ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ. ಹಿಂದಿನ ಕೆಂಪು ಫಾಗ್ ಲೈಟ್ ಇದ್ದರೆ ಮಂಜು ತಿಳಿಯಾದ ಮೇಲೆ ಆರಿಸಲು ಮರೆಯಬೇಡಿ.

ಪ್ರಶ್ನೆ: ತಿತಿಮತಿ ಹತ್ತಿರ ನಮ್ಮ ತೋಟ. ಆನೆ ಕಾಟ ಇದೆ. ಜೀಪಿನ ಮೇಲೆ ಎಲ್‌ಇಡಿ ಬಾರ್ ಲೈಟ್ ಹಾಕಿದ್ದೇನೆ. ರಸ್ತೆಯಲ್ಲಿ ಉರಿಸಬಹುದಾ?
— ಬೆಳೆಗಾರ, ತಿತಿಮತಿ

ಉತ್ತರ: ತೋಟದೊಳಗೆ ಉರಿಸಿ, ಟಾರ್ ರಸ್ತೆಗೆ ಬಂದರೆ ಆರಿಸಿ, ಮೇಲೆ ಕವರ್ ಹಾಕಿ. ಬಾರ್ ಲೈಟಿಗೆ ಡಿಮ್ ಅನ್ನುವುದೇ ಇಲ್ಲ. ಹೆಡ್‌ಲೈಟ್ ಸ್ವಿಚ್ಚಿಗೆ ಜೋಡಿಸಿದ್ದರೆ ಬಿಡಿಸಿ, ಬೇರೆ ಸ್ವಿಚ್, ಬೇರೆ ಫ್ಯೂಸ್ ಕೊಡಿಸಿ. ಆನೆ ಎದುರಾದರೆ ಬೆಳಕು ಚಿಮ್ಮಿಸಿ, ಹಾರ್ನ್ ಹೊಡೆದು ಓಡಿಸಲು ಹೋಗಬೇಡಿ. ದೂರದಲ್ಲೇ ನಿಲ್ಲಿಸಿ, ಡಿಮ್ ಮಾಡಿ, ಹಿಂದಕ್ಕೆ ಹೋಗಲು ದಾರಿ ಇಟ್ಟುಕೊಂಡು ಅದು ದಾಟುವವರೆಗೆ ಕಾಯಿರಿ.