ಹೆಸರಿನ ಕೊನೆಗೆ ಊರಿದ್ದರೆ ಸಂಕೋಚ ಯಾಕೆ?

ತಮ್ಮಾ, ಇಟಲಿಯ ಟುರಿನ್‌ಗೆ ಓದೋಕೆ ಬರುತ್ತಿದ್ದೀ ಅಂತ ತಿಳಿದು ಖುಷಿಯಾಯಿತು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ‘ಹಾವೇರಿ’ ಅಂತಿದೆ, ಎಲ್ಲ ಕಡೆ ಅದನ್ನೇ ಬರೆಯಬೇಕಾ, ಊರ ಹೆಸರು ಅಂತ ಅಲ್ಲಿಯವರು ನಗೋದಿಲ್ಲವಾ ಅಂತ ಕೇಳಿದ್ದೀ.

ಅದನ್ನೇ ಬರಿ, ಒಂದಕ್ಷರವೂ ಆಚೀಚೆ ಆಗಬಾರದು. ಬಂದ ಕೂಡಲೇ ಬೇಕಾಗೋದು ‘ಕೋದಿಚೆ ಫಿಸ್ಕಾಲೆ’, ನಮ್ಮ ಪ್ಯಾನ್ ಇದ್ದ ಹಾಗೆ. ಬಾಡಿಗೆ ಮನೆ, ಬ್ಯಾಂಕು, ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಅದರ 16 ಅಕ್ಷರ-ಅಂಕಿಗಳಲ್ಲಿ ಮೊದಲ ಮೂರು ಅಡ್ಡಹೆಸರಿನ ವ್ಯಂಜನಗಳು. ನಿನ್ನದು ಎಚ್, ವಿ, ಆರ್. ನಾನು ಬಂದ ಹೊಸದರಲ್ಲಿ ಆ ಜಾಗದಲ್ಲಿ ಅಪ್ಪನ ಹೆಸರು ಬರೆದುಕೊಟ್ಟು, ತಿದ್ದಿಸೋಕೆ ತಿಂಗಳುಗಟ್ಟಲೆ ಓಡಾಡಿದೆ.

ಇನ್ನು ನಗೋ ಮಾತು. ನಮ್ಮ ಕಟ್ಟಡದ ಹೆಬ್ಬಾಗಿಲಲ್ಲಿ ಕರೆಗಂಟೆಗಳ ಹಿತ್ತಾಳೆ ಫಲಕ ಇದೆ. ಒಂದೊಂದು ಗುಂಡಿಯ ಪಕ್ಕ ಆ ಮನೆಯವರ ಅಡ್ಡಹೆಸರು: ಲೊಂಬಾರ್ದಿ, ಜೆನೊವೇಸೆ, ಪುಲ್ಯೇಸೆ, ದಾಲ್ ಪೊತ್ಸೊ, ಮೊಂತಿ. ಮೊದಲ ಮೂರೂ ಲೊಂಬಾರ್ದಿಯಾ, ಜೆನೋವಾ, ಪುಲ್ಯಾ ಕಡೆಯವರು ಅಂತ ಹೇಳೋ ಹೆಸರುಗಳು. ದಾಲ್ ಪೊತ್ಸೊ ಅಂದರೆ ಬಾವಿ ಹತ್ತಿರದವರು, ಮೊಂತಿ ಅಂದರೆ ಗುಡ್ಡದ ಕಡೆಯವರು. ನಮ್ಮ ಬಾವಿಕಟ್ಟಿ, ಗುಡ್ಡದ ಮನೆತನಗಳೇ ಅಲ್ಲವಾ!

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ಜೆನೋವಾದಲ್ಲೇ ಇದ್ದವನನ್ನು ಜೆನೊವೇಸೆ ಅಂತ ಕರೆದು ಏನು ಪ್ರಯೋಜನ, ಅಲ್ಲಿ ಎಲ್ಲರೂ ಅವರೇ. ಊರು ಬಿಟ್ಟು ಬಂದವನಿಗೇ ಸಾಮಾನ್ಯವಾಗಿ ಈ ಹೆಸರು ಬೀಳುತ್ತಿತ್ತು, ಇಡುತ್ತಿದ್ದವರು ಅವನು ಹೋಗಿ ನೆಲೆಸಿದ ಊರಿನವರು. ಪಕ್ಕದ ಮನೆಯ ಪುಲ್ಯೇಸೆ ಅಜ್ಜನ ಮೂಲ ದಕ್ಷಿಣ ಇಟಲಿಯ ಕಲಾಬ್ರಿಯಾ. ಯಾವ ಕಾಲದಲ್ಲೋ ಅವರ ಹಿರೀಕ ಒಬ್ಬ ಪುಲ್ಯಾದಿಂದ ಅಲ್ಲಿಗೆ ವಲಸೆ ಹೋಗಿರಬೇಕು. 1563ರಲ್ಲಿ ಮುಗಿದ ಕ್ಯಾಥೊಲಿಕ್ ಬಿಷಪ್‌ಗಳ ತ್ರೆಂತೊ ಮಹಾಸಭೆ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆಗಳ ದಾಖಲೆ ಇಡಬೇಕು ಅಂತ ಕಟ್ಟುಮಾಡಿದ ಮೇಲೆ, ಬಾಯಲ್ಲಿದ್ದ ಇಂಥ ಹೆಸರುಗಳು ಪುಸ್ತಕ ಸೇರಿ ಮಕ್ಕಳು ಮೊಮ್ಮಕ್ಕಳಿಗೂ ಗಟ್ಟಿಯಾಗಿ ಅಂಟಿಕೊಂಡವು. ಅಜ್ಜನೂ 1960ರ ದಶಕದಲ್ಲಿ, ದಕ್ಷಿಣದ ಸಾವಿರಾರು ಜನರ ಹಾಗೆ, ಕಾರು ಕಾರ್ಖಾನೆಯ ಕೆಲಸಕ್ಕೆ ಅಂತ ಟುರಿನ್‌ಗೆ ಬಂದವರು.

ಫಲಕದಲ್ಲಿ ನನ್ನ ಗುಂಡಿಯ ಪಕ್ಕ ‘ಬ್ಯಾಡಗಿ’ ಅಂತಿದೆ. ಮೊದಲ ವಾರವೇ ಅಜ್ಜ ಅದರ ಮೇಲೆ ಬೆರಳಿಟ್ಟು ಅರ್ಥ ಏನು ಅಂತ ಕೇಳಿದರು. ನಮ್ಮೂರು ಅಂದೆ. “ಹಾಗಾದರೆ ನೀನೂ ನಮ್ಮ ಹಾಗೇ” ಅಂದರು.

ಇಲ್ಲಿಯವರ ಬಾಯಲ್ಲಿ ಹಕಾರ ನಿಲ್ಲೋದಿಲ್ಲ, ನಿನ್ನನ್ನು ‘ಆವೇರಿ’ ಅಂತಲೇ ಕರೆಯುತ್ತಾರೆ. ಕರೆಯಲಿ ಬಿಡು. ಕಾಗದದಲ್ಲಿ ಮಾತ್ರ ಎಚ್ ಇದೆಯಾ ಅಂತ ಸಹಿ ಹಾಕೋ ಮುಂಚೆ ನೋಡಿಕೋ.